ಶಾಸನೋದ್ಧಾರಕ ಬಿ. ಎಲ್. ರೈಸ್

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳು ಶ್ರಾವಕನ ಕರ್ತವ್ಯಗಳೆಂದು ಜೈನ ಪರಂಪರೆಯು ವಿಧಿಸಿದೆ. ಹಸಿದವನಿಗೆ ಇಟ್ಟ ಅನ್ನವು ಆ ಹೊತ್ತಿನ ಹಸಿವನ್ನು ನೀಗುತ್ತದೆ; ರೋಗಿಗೆ ಕೊಟ್ಟ ಮದ್ದು ಆ ದೇಹವನ್ನು ಕಾಯುತ್ತದೆ; ಶಾಸ್ತ್ರದಾನದ ಫಲ ಮಾತ್ರ ತಲೆಮಾರುಗಳನ್ನು ದಾಟಿ ನಡೆಯುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಮಹಾಕವಿಯ ಶಾಂತಿಪುರಾಣದ ಒಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿಯನ್ನು ಕನ್ನಡ ನಾಡು ಇಂದಿಗೂ ಮರೆತಿಲ್ಲ. ಆಕೆಯ ಕಾಲದಿಂದ ಸುಮಾರು ಒಂಬತ್ತು ನೂರು ವರ್ಷಗಳ ತರುವಾಯ ಆ ಪುಣ್ಯಕಾರ್ಯವನ್ನು ಬೇರೊಂದು ರೀತಿಯಲ್ಲಿ ಮುಂದುವರಿಸಿದವರು ಜೈನ ಕುಲದಲ್ಲಿ ಹುಟ್ಟಿದವರಲ್ಲ; ಕ್ರೈಸ್ತ ಪಾದ್ರಿಯೊಬ್ಬರ ಮಗ. ಕಲ್ಲಿನಲ್ಲಿಯೂ ಓಲೆಗರಿಯಲ್ಲಿಯೂ ಮರೆಯಾಗಿದ್ದ ಜೈನರ ಚರಿತ್ರೆಯನ್ನು ಅಚ್ಚಿನ ಅಕ್ಷರಗಳಲ್ಲಿ ಲೋಕದ ಮುಂದಿರಿಸಿದ ಆ ಮಹನೀಯರೇ ಬೆಂಜಮಿನ್ ಲೂಯಿಸ್ ರೈಸ್.

ಜನನ ಮತ್ತು ವಿದ್ಯಾಭ್ಯಾಸ

ರೈಸ್ ಅವರು ಜನಿಸಿದ್ದು 1837ನೆಯ ಇಸವಿ ಜುಲೈ 17ರಂದು, ಬೆಂಗಳೂರಿನಲ್ಲಿಯೇ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ನಿಗೆ ಸೇರಿದ ಪಾದ್ರಿಗಳು; ಸುಮಾರು ಐವತ್ತು ವರ್ಷಗಳ ಕಾಲ ಬೆಂಗಳೂರಿನಲ್ಲಿ ನೆಲೆಸಿ, ಕನ್ನಡವನ್ನು ಚೆನ್ನಾಗಿ ಕಲಿತು, ಕನ್ನಡದಲ್ಲಿಯೇ ಬೋಧಿಸುತ್ತಿದ್ದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಈ ತಂದೆಯವರ ಹೆಸರನ್ನು ಹೊತ್ತಿದೆ. ಕಿರಿಯ ಸಹೋದರರಾದ ಇ. ಪಿ. ರೈಸ್ ಅವರು ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯೊಂದನ್ನು ಇಂಗ್ಲಿಷಿನಲ್ಲಿ ಬರೆದು 1915ರಲ್ಲಿ ಪ್ರಕಟಿಸಿದರು. ಹೀಗೆ ಕನ್ನಡದ ಸೇವೆಯು ಆ ಮನೆತನದಲ್ಲಿ ಒಬ್ಬರಿಗೆ ಮಾತ್ರ ಮೀಸಲಾಗಿರಲಿಲ್ಲ.

ಹುಟ್ಟಿದ ಊರಿನ ಭಾಷೆ ಲೂಯಿಸ್ ರೈಸ್ ಅವರಿಗೆ ಬಾಲ್ಯದಲ್ಲಿಯೇ ಕಿವಿಗೆ ಬಿದ್ದಿತ್ತು. ಉನ್ನತ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿ, ಅದನ್ನು ಪೂರೈಸಿ, 1860ರಲ್ಲಿ ಅವರು ಬೆಂಗಳೂರಿಗೆ ಹಿಂತಿರುಗಿದರು. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ನೇಮಕಗೊಂಡಾಗ ಅವರಿಗೆ ಇಪ್ಪತ್ತಮೂರು ವರ್ಷ ವಯಸ್ಸು. ಮೈಸೂರು ಸೀಮೆ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಐದು ವರ್ಷಗಳ ತರುವಾಯ ಅವರು ಶಾಲೆಗಳ ಇನ್‌ಸ್ಪೆಕ್ಟರರಾದರು. 1868ರಲ್ಲಿ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ಮುಖ್ಯಾಧಿಕಾರ ಅವರ ಕೈಗೆ ಬಂತು.

ಶಾಲೆಗಳ ದಾರಿಯಲ್ಲಿ ಶಿಲೆಗಳು

ಪಟ್ಟಣದ ಮಕ್ಕಳಿಗೆ ಮಾತ್ರ ದೊರೆಯುತ್ತಿದ್ದ ವಿದ್ಯೆಯನ್ನು ಹಳ್ಳಿಗಳಿಗೂ ಮುಟ್ಟಿಸಬೇಕೆಂದು ರೈಸ್ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಸಿದ್ಧಪಡಿಸಿದರು. ಅದರಂತೆ ಹೋಬಳಿಗೊಂದರಂತೆ ಕನ್ನಡ ಶಾಲೆಗಳು ತೆರೆಯಲ್ಪಟ್ಟವು. ಈ ಶಾಲೆಗಳ ತನಿಖೆಗಾಗಿ ಅವರು ಸಂಸ್ಥಾನದ ಉದ್ದಗಲಕ್ಕೂ ಸಂಚರಿಸಬೇಕಾಗುತ್ತಿತ್ತು. ರೈಲು ಮಾರ್ಗ ಇನ್ನೂ ವಿಸ್ತಾರಗೊಂಡಿರದ ಕಾಲವದು. ಒಳನಾಡಿನ ಊರುಗಳಿಗೆ ಕುದುರೆ, ಎತ್ತಿನ ಗಾಡಿಗಳೇ ಗತಿ.

ಹೋದ ಹೋದ ಊರಿನಲ್ಲಿ ಅವರ ಕಣ್ಣಿಗೆ ಬೀಳುತ್ತಿದ್ದುದು ಬರಹದ ಕಲ್ಲುಗಳು. ದೇವಾಲಯದ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಪಾಳುಬಿದ್ದ ಬಸದಿಯ ಬಾಗಿಲಲ್ಲಿ ಅವು ನಿಂತಿದ್ದವು ಅಥವಾ ಬಿದ್ದಿದ್ದವು. ಕೆಲವು ಕಾಲುವೆಗೆ ಅಡ್ಡಹಾಸಾಗಿದ್ದವು, ಕೆಲವು ಬಟ್ಟೆ ಒಗೆಯುವ ಕಲ್ಲಾಗಿದ್ದವು. ಅವುಗಳ ಮೇಲಿನ ಲಿಪಿಯನ್ನು ಓದಬಲ್ಲವರು ಊರಿನಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಅಲ್ಲಿ ನಿಧಿಯ ಗುಟ್ಟು ಬರೆದಿದೆಯೆಂದು ಹಲವರು ನಂಬಿ ಕಲ್ಲುಗಳ ಬುಡವನ್ನು ಅಗೆದದ್ದೂ ಉಂಟು. ಕಲ್ಲಿನ ಬುಡದಲ್ಲಿ ಹೊನ್ನು ಇರಲಿಲ್ಲ. ಕಲ್ಲಿನ ಮೈಮೇಲೆಯೇ ಅದಕ್ಕಿಂತ ಹೆಚ್ಚಿನ ನಿಧಿ ಇತ್ತೆಂಬುದನ್ನು ತೋರಿಸಿಕೊಟ್ಟವರು ರೈಸ್.

ಮೇಜರ್ ಡಿಕ್ಸನ್ ಎಂಬ ಅಧಿಕಾರಿಯು ಮೈಸೂರು ಸೀಮೆಯ ಕೆಲವು ಶಾಸನಗಳ ಛಾಯಾಚಿತ್ರಗಳನ್ನು ಅದಕ್ಕೂ ಮೊದಲೇ ತೆಗೆದಿದ್ದನು. ಅವುಗಳನ್ನು ಓದಿ ಭಾಷಾಂತರಿಸುವ ಕೆಲಸವನ್ನು ಸರ್ಕಾರವು ರೈಸ್ ಅವರಿಗೆ ವಹಿಸಿತು. ಸಂಸ್ಥಾನದ ವಿದ್ವಾಂಸರ ನೆರವಿನಿಂದ ಹಳಗನ್ನಡವನ್ನೂ ಸಂಸ್ಕೃತವನ್ನೂ ಹಳೆಯ ಲಿಪಿಗಳನ್ನೂ ಅಭ್ಯಾಸ ಮಾಡುತ್ತ, ಅವರು 1879ರಲ್ಲಿ ಮೈಸೂರು ಶಾಸನಗಳೆಂಬ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಇದಕ್ಕೆ ಸ್ವಲ್ಪ ಮುಂಚೆ, 1877–78ರಲ್ಲಿ, ಮೈಸೂರು ಮತ್ತು ಕೊಡಗಿನ ಗೆಜೆಟಿಯರು ಮೂರು ಸಂಪುಟಗಳಾಗಿ ಅವರಿಂದ ಹೊರಬಂದಿತ್ತು. ನಾಡಿನ ಭೂಮಿ, ಬೆಳೆ, ಕಸುಬು, ಜಾತಿ, ಮತ, ಚರಿತ್ರೆಗಳೆಲ್ಲವೂ ಒಂದೆಡೆ ದೊರೆಯುವಂತಾದದ್ದು ಆ ಗ್ರಂಥದಿಂದ. 1881ರ ಮೈಸೂರು ಜನಗಣತಿಯ ಹೊಣೆಯನ್ನೂ ಅವರು ಹೊತ್ತರು; ಅನಂತರ ಹಂಟರ್ ಅವರ ಅಧ್ಯಕ್ಷತೆಯ ವಿದ್ಯಾ ಆಯೋಗಕ್ಕೆ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿ ದುಡಿದರು. 1884ರಲ್ಲಿ ಸಿ.ಐ.ಇ. ಎಂಬ ಬಿರುದು ಅವರಿಗೆ ಸಂದಿತು.

1881ರಲ್ಲಿ ಮೈಸೂರು ರಾಜ್ಯವು ಮರಳಿ ಒಡೆಯರ ಕೈಗೆ ಬಂದಿತ್ತು. ಮಹಾರಾಜರ ಸರ್ಕಾರವು 1885ರಲ್ಲಿ ಪ್ರಾಚ್ಯವಸ್ತು ಸಂಶೋಧನೆಗಾಗಿ ಪ್ರತ್ಯೇಕ ವ್ಯವಸ್ಥೆ ಮಾಡಿ ಅದನ್ನು ರೈಸ್ ಅವರಿಗೆ ಒಪ್ಪಿಸಿತು. ಮೊದಲು ಇತರ ಕೆಲಸಗಳ ಜೊತೆಗೆ ಅದನ್ನು ನಡೆಸುತ್ತಿದ್ದ ಅವರು 1890ರಿಂದ ಪೂರ್ಣಾವಧಿಯ ನಿರ್ದೇಶಕರಾದರು. ಐವತ್ತಮೂರನೆಯ ವಯಸ್ಸಿನಲ್ಲಿ, ಬಹುಮಂದಿ ವಿಶ್ರಾಂತಿಯನ್ನು ಬಯಸುವ ಕಾಲದಲ್ಲಿ, ಅವರ ನಿಜವಾದ ದುಡಿಮೆ ಆರಂಭವಾಯಿತೆಂದು ಹೇಳಬಹುದು.

ಹನ್ನೆರಡು ಸಂಪುಟಗಳು

ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆ ರೈಸ್ ಅವರ ಜೀವಮಾನದ ಸಾಧನೆ. 1886ರಲ್ಲಿ ಕೊಡಗಿನ ಶಾಸನಗಳು, 1889ರಲ್ಲಿ ಶ್ರವಣಬೆಳಗೊಳದ ಶಾಸನಗಳು, ಅನಂತರ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಶಾಸನಗಳು ಒಂದಾದ ಮೇಲೊಂದರಂತೆ ಪ್ರಕಟವಾದವು. 1905ರ ವೇಳೆಗೆ 12 ಸಂಪುಟಗಳು ಮುಗಿದವು. ಅವುಗಳಲ್ಲಿ ಅಡಕವಾದ ಶಾಸನಗಳ ಒಟ್ಟು ಸಂಖ್ಯೆ 8,869.

ಒಂದೊಂದು ಶಾಸನದ ಹಿಂದೆಯೂ ಇದ್ದ ಶ್ರಮವನ್ನು ಊಹಿಸಿಕೊಳ್ಳಬೇಕು. ಕಲ್ಲಿನ ಮೇಲಿನ ಪಾಚಿ, ಸುಣ್ಣ, ಎಣ್ಣೆಯ ಜಿಡ್ಡುಗಳನ್ನು ಉಜ್ಜಿ ತೊಳೆಯಬೇಕು. ಒದ್ದೆ ಕಾಗದವನ್ನು ಹಾಸಿ, ಅಕ್ಷರಗಳ ತಗ್ಗಿನೊಳಕ್ಕೆ ಇಳಿಯುವಂತೆ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯಬೇಕು. ಅದು ಸಾಧ್ಯವಾಗದೆಡೆ ಕಣ್ಣಳತೆಯಲ್ಲಿ ಅಕ್ಷರ ಅಕ್ಷರವನ್ನೂ ನಕಲು ಮಾಡಬೇಕು. ಆಮೇಲೆ ಓದು, ಕಾಲನಿರ್ಣಯ, ಅರ್ಥನಿರ್ಣಯ. ಸಂಪುಟದಲ್ಲಿ ಪ್ರತಿಯೊಂದು ಶಾಸನವೂ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಭಾಷಾಂತರದಲ್ಲಿ ಒಮ್ಮೆ ಹೀಗೆ ಮೂರು ರೂಪಗಳಲ್ಲಿ ಮುದ್ರಿತವಾಯಿತು. ಕನ್ನಡ ಬಲ್ಲ ಹಳ್ಳಿಯ ಉಪಾಧ್ಯಾಯರಿಗೂ ಕನ್ನಡದ ಗಂಧವಿಲ್ಲದ ಯೂರೋಪಿನ ಪಂಡಿತರಿಗೂ ಅದು ಸಮಾನವಾಗಿ ಉಪಯುಕ್ತವಾಯಿತು.

ಈ ಸಂಪುಟಗಳಿಂದ ಜೈನ ಸಮಾಜಕ್ಕೆ ಆದ ಲಾಭ ಅಪಾರ. ಹೊಂಬುಜದ ಸಾಂತರ ಅರಸರ ದತ್ತಿಗಳು, ಹಳೇಬೀಡಿನ ಪಾರ್ಶ್ವನಾಥ ಬಸದಿಯ ನಿರ್ಮಾಣ, ಗಂಗ ಮತ್ತು ಹೊಯ್ಸಳ ಅರಸರಿಗೂ ಜೈನ ಗುರುಗಳಿಗೂ ಇದ್ದ ಸಂಬಂಧ, ಊರೂರುಗಳಲ್ಲಿ ಸೆಟ್ಟಿಗಳೂ ಗಾವುಂಡರೂ ಬಸದಿಗಳಿಗೆ ಬಿಟ್ಟ ಗದ್ದೆ ತೋಟಗಳು, ಸಮಾಧಿಮರಣವನ್ನು ಹೊಂದಿದ ಮುನಿಗಳ ಮತ್ತು ಕಂತಿಯರ ನಿಸಿದಿಗಳು, ಇವೆಲ್ಲವೂ ಅದುವರೆಗೆ ಆಯಾ ಊರಿನವರಿಗೇ ಅರಿವಿಲ್ಲದ ಸಂಗತಿಗಳಾಗಿದ್ದವು. ಜೈನರು ಕರ್ನಾಟಕದಲ್ಲಿ ಎಲ್ಲೋ ಮೂಲೆಯಲ್ಲಿ ಬದುಕಿದ ಸಣ್ಣ ಪಂಗಡವಲ್ಲ, ರಾಜ್ಯಗಳನ್ನು ಕಟ್ಟಿದವರಲ್ಲಿ, ಭಾಷೆಯನ್ನು ಬೆಳೆಸಿದವರಲ್ಲಿ ಮುಂದಾಳುಗಳಾಗಿದ್ದವರು ಎಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆಯಿತು. ಸಂಪ್ರದಾಯದ ಮಾತನ್ನು ಅಲ್ಲಗಳೆಯಬಹುದು. ತಿಥಿ, ಅರಸನ ಹೆಸರು, ದತ್ತಿಯ ಎಲ್ಲೆಗಳನ್ನು ಹೊತ್ತು ನಿಂತ ಕಲ್ಲನ್ನು ಅಲ್ಲಗಳೆಯುವುದು ಸುಲಭವಲ್ಲ.

ಶ್ರವಣಬೆಳಗೊಳದ ಸಂಪುಟ

ಇಡಿಯ ಒಂದು ಸಂಪುಟವನ್ನು ರೈಸ್ ಅವರು ಒಂದೇ ಕ್ಷೇತ್ರಕ್ಕೆ ಮೀಸಲಿಟ್ಟದ್ದು ಶ್ರವಣಬೆಳಗೊಳದ ವಿಷಯದಲ್ಲಿ ಮಾತ್ರ. 1889ರ ಆ ಸಂಪುಟದಲ್ಲಿ 144 ಶಾಸನಗಳು ಸೇರಿದ್ದವು. ಚಂದ್ರಗಿರಿಯ ಬಂಡೆಗಳ ಮೇಲೆ ಕೊರೆದ ಪುರಾತನ ನಿಸಿದಿ ಲೇಖಗಳಿಂದ ಹಿಡಿದು ಗೊಮ್ಮಟೇಶ್ವರನ ಪಾದಗಳ ಬಳಿಯ ಚಾವುಂಡರಾಯನ ಲೇಖದವರೆಗೆ, ಊರೊಳಗಿನ ಬಸದಿಗಳ ದತ್ತಿ ಶಾಸನಗಳವರೆಗೆ, ಒಂದು ಸಾವಿರ ವರ್ಷಕ್ಕೂ ಮೀರಿದ ಚರಿತ್ರೆ ಆ ಪುಟಗಳಲ್ಲಿ ತೆರೆದುಕೊಂಡಿತು.

ಗಂಗ ಅರಸ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟ ವಿಷಯವು ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದ ಶಾಸನದಿಂದ ತಿಳಿಯುತ್ತದೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ವಡಿ ಇಂದ್ರನು 982ರಲ್ಲಿ ಅದೇ ಕ್ಷೇತ್ರದಲ್ಲಿ ಸಲ್ಲೇಖನದಿಂದ ಮುಡಿಪಿದುದನ್ನು ಅಲ್ಲಿಯ ಇನ್ನೊಂದು ಶಾಸನ ಹೇಳುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿಯ ಜಿನಭಕ್ತಿ, ಆಕೆ ಕಟ್ಟಿಸಿದ ಸವತಿಗಂಧವಾರಣ ಬಸದಿ, ದಂಡನಾಯಕ ಗಂಗರಾಜನ ಜೀರ್ಣೋದ್ಧಾರ ಕಾರ್ಯಗಳು, ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿ, ಇವುಗಳ ವೃತ್ತಾಂತವೂ ಅಲ್ಲಿಯ ಶಾಸನಗಳಿಂದಲೇ ಲೋಕಕ್ಕೆ ಪರಿಚಯವಾಯಿತು.

ಅವುಗಳಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವು ವಿಶೇಷವಾಗಿ ಸ್ಮರಣೀಯ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಎರಡು ಪಂಗಡದ ಮುಖ್ಯಸ್ಥರನ್ನೂ ಕರೆಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಗೆ ಒಪ್ಪಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಉಳಿದ ಹಣವನ್ನು ಜೀರ್ಣವಾದ ಜಿನಾಲಯಗಳ ಸುಣ್ಣಬಣ್ಣಕ್ಕೆ ವಿನಿಯೋಗಿಸಬೇಕು ಎಂಬ ಕಟ್ಟಳೆಯೂ ಅದರಲ್ಲಿದೆ. ಶ್ರೀಮಂತನಿಗೂ ಬಡವನಿಗೂ ಒಂದೇ ಪಾಲು. ಸಮಾಜದ ಕೆಲಸವನ್ನು ಸಮಾಜವೇ ಹೊರುವ ಈ ಏರ್ಪಾಟು ಆರು ನೂರು ವರ್ಷಗಳ ಬಳಿಕವೂ ಓದಿದವರ ಮನಸ್ಸನ್ನು ತಟ್ಟುವಂತಹದು.

ಭದ್ರಬಾಹು ಮತ್ತು ಚಂದ್ರಗುಪ್ತರ ವಿಷಯ

ರೈಸ್ ಅವರ ಹೆಸರು ದೇಶವಿದೇಶಗಳಲ್ಲಿ ಚರ್ಚೆಗೆ ಬಂದದ್ದು ಭದ್ರಬಾಹು ಶ್ರುತಕೇವಲಿಗಳ ದಕ್ಷಿಣ ಯಾತ್ರೆಯ ಪ್ರಶ್ನೆಯಿಂದ. ಉತ್ತರ ದೇಶದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ನಿಮಿತ್ತಜ್ಞಾನದಿಂದ ಅರಿತು ಭದ್ರಬಾಹು ಸ್ವಾಮಿಗಳು ಮುನಿಸಂಘದೊಡನೆ ದಕ್ಷಿಣಕ್ಕೆ ಬಂದರು, ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ಸಿಂಹಾಸನವನ್ನು ತ್ಯಜಿಸಿ ಅವರ ಶಿಷ್ಯನಾಗಿ ಹಿಂಬಾಲಿಸಿ ಬಂದು ಗುರುಸೇವೆ ಮಾಡಿ ಚಂದ್ರಗಿರಿಯಲ್ಲಿಯೇ ಸಮಾಧಿಸ್ಥನಾದನು ಎಂಬುದು ಜೈನ ಪರಂಪರೆಯ ನಂಬಿಕೆ. ಹರಿಷೇಣನ ಬೃಹತ್ಕಥಾಕೋಶವು ಈ ಕಥೆಯನ್ನು ಹತ್ತನೆಯ ಶತಮಾನದಲ್ಲಿಯೇ ತನ್ನದೇ ರೀತಿಯಲ್ಲಿ ಹೇಳಿದೆ. ಕನಕಗಿರಿಯ ದೇವಚಂದ್ರ ಪಂಡಿತನು 1838ರಲ್ಲಿ ಪೂರೈಸಿದ ರಾಜಾವಳಿ ಕಥೆಯಲ್ಲಿಯೂ ಇದು ಬಂದಿದೆ. ಕರ್ನಲ್ ಮೆಕೆಂಜಿಯವರ ಸಂಗ್ರಹಕಾರ್ಯಕ್ಕೆ ನೆರವಾಗಿದ್ದ ಈ ದೇವಚಂದ್ರನ ಗ್ರಂಥವನ್ನು ರೈಸ್ ಅವರು ಆಸಕ್ತಿಯಿಂದ ಬಳಸಿಕೊಂಡರು.

1874ರಷ್ಟು ಮುಂಚೆಯೇ ರೈಸ್ ಅವರು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಭದ್ರಬಾಹು ಮತ್ತು ಶ್ರವಣಬೆಳಗೊಳವನ್ನು ಕುರಿತು ಲೇಖನ ಬರೆದರು. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 600ರ ಲಿಪಿಯಲ್ಲಿ, ಉಜ್ಜಯಿನಿಯಲ್ಲಿ ಕ್ಷಾಮವನ್ನು ಮುಂದಾಗಿ ಅರಿತ ಭದ್ರಬಾಹುವಿನ ವಿಷಯ, ಸಂಘವು ದಕ್ಷಿಣಾಪಥಕ್ಕೆ ಬಂದ ವಿಷಯ, ಪ್ರಭಾಚಂದ್ರಾಚಾರ್ಯರು ಕಟವಪ್ರ ಗಿರಿಯಲ್ಲಿ ಸಮಾಧಿಯನ್ನು ಹೊಂದಿದ ವಿಷಯಗಳನ್ನು ಹೇಳುವ ಶಾಸನವಿದೆ. ಈ ಪ್ರಭಾಚಂದ್ರರೆಂದರೆ ದೀಕ್ಷಾನಂತರದ ಚಂದ್ರಗುಪ್ತನೇ ಎಂದು ರೈಸ್ ಅವರು ನಿರ್ಣಯಿಸಿದರು. ಶ್ರೀರಂಗಪಟ್ಟಣದ ಸಮೀಪದಲ್ಲಿ ದೊರೆತ ಸುಮಾರು ಕ್ರಿ.ಶ. 900ರ ಶಾಸನಗಳು ಕಳ್ಬಪ್ಪು ಬೆಟ್ಟದ ಮೇಲೆ ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳಿದ್ದುದನ್ನು ಹೇಳಿ, ಅವರ ವಾದಕ್ಕೆ ಬೆಂಬಲವಿತ್ತವು.

ಇನ್ನೊಂದು ದೊಡ್ಡ ಆಧಾರವು ಬೇರೊಂದು ದಿಕ್ಕಿನಿಂದ ಬಂತು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ರೈಸ್ ಅವರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಮೌರ್ಯರ ಆಳ್ವಿಕೆ ಮೈಸೂರು ಸೀಮೆಯ ಉತ್ತರ ಭಾಗದವರೆಗೆ ಹಬ್ಬಿತ್ತೆಂಬುದು ಇದರಿಂದ ನಿಸ್ಸಂದೇಹವಾಗಿ ಸ್ಥಾಪಿತವಾಯಿತು. ಮೊಮ್ಮಗನ ಆಜ್ಞೆಯು ಕಲ್ಲಿನಲ್ಲಿ ನಿಂತಿರುವ ನಾಡಿಗೆ ಅಜ್ಜನು ಬಂದನೆಂಬ ಸಂಪ್ರದಾಯವು ಅಸಂಭವವೆಂದು ತಳ್ಳಿಹಾಕುವಂತಹದಲ್ಲವೆಂದು ತೋರಿತು.

ಆದರೆ ಎಲ್ಲ ಪಂಡಿತರೂ ಒಪ್ಪಲಿಲ್ಲ. ಶಾಸನಶಾಸ್ತ್ರದಲ್ಲಿ ಘನವಾದ ಹೆಸರು ಪಡೆದಿದ್ದ ಜೆ. ಎಫ್. ಫ್ಲೀಟ್ ಅವರು ರೈಸ್ ಅವರ ವಾದವನ್ನು ತೀಕ್ಷ್ಣವಾಗಿ ಖಂಡಿಸಿದರು. ಆ ಶಾಸನದಲ್ಲಿ ಹೇಳಿರುವುದು ಶ್ರುತಕೇವಲಿಗಳಲ್ಲ, ಬಹುಕಾಲದ ನಂತರದ ಬೇರೆ ಭದ್ರಬಾಹು. ಚಂದ್ರಗುಪ್ತನ ಹೆಸರೇ ಅದರಲ್ಲಿಲ್ಲ ಎಂಬುದು ಅವರ ಆಕ್ಷೇಪ. ರೈಸ್ ಅವರು ತಮ್ಮ ಅಭಿಪ್ರಾಯವನ್ನು ಬಿಟ್ಟುಕೊಡಲಿಲ್ಲ. ಸಂಪುಟ ಸಂಪುಟಗಳಲ್ಲಿ ಹೊಸ ಆಧಾರಗಳನ್ನು ಒದಗಿಸುತ್ತ ಹೋದರು. ಪ್ರಾಚೀನ ಭಾರತದ ಚರಿತ್ರಕಾರರಾದ ವಿನ್ಸೆಂಟ್ ಸ್ಮಿತ್ ಅವರು ಮೊದಲು ಸಂದೇಹಪಟ್ಟವರಾದರೂ ತಮ್ಮ ಕೊನೆಯ ವರ್ಷಗಳಲ್ಲಿ ಜೈನ ಸಂಪ್ರದಾಯವು ಮುಖ್ಯಾಂಶಗಳಲ್ಲಿ ನಿಜವಿರಬಹುದೆಂಬ ನಿಲುವಿಗೆ ಬಂದರು. ವಿದ್ವಾಂಸರಲ್ಲಿ ಇಂದಿಗೂ ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ. ಆದರೂ ಒಂದು ಮಾತು ಸತ್ಯ. ಹಿಂದೆ ಪುರಾಣವೆಂದು ಬದಿಗೊತ್ತಲ್ಪಡುತ್ತಿದ್ದ ಜೈನರ ಒಂದು ನಂಬಿಕೆಯನ್ನು ಚರಿತ್ರೆಯ ನ್ಯಾಯಸ್ಥಾನದಲ್ಲಿ ವಾದಕ್ಕೆ ಅರ್ಹವಾದ ವಿಷಯವನ್ನಾಗಿ ಮಾಡಿದವರು ರೈಸ್. ಮಾಡಿದ್ದು ಭಕ್ತಿಯಿಂದಲ್ಲ, ಆಧಾರಗಳಿಂದ.

ಓಲೆಗರಿಯಿಂದ ಅಚ್ಚಿಗೆ

ಶಾಸನಗಳ ಜೊತೆಯಲ್ಲಿಯೇ ರೈಸ್ ಅವರು ಪ್ರಾಚೀನ ಕನ್ನಡ ಗ್ರಂಥಗಳ ಮುದ್ರಣಕ್ಕೂ ಕೈಹಾಕಿದರು. ಆ ಕಾಲದಲ್ಲಿ ಜೈನ ಕವಿಗಳ ಕೃತಿಗಳು ಮಠಗಳ ಭಂಡಾರಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಬಟ್ಟೆಯಲ್ಲಿ ಕಟ್ಟಿಟ್ಟ ಓಲೆಕಟ್ಟುಗಳಾಗಿ ಉಳಿದಿದ್ದವು. ಶ್ರುತಪಂಚಮಿಯ ದಿನ ಅವುಗಳಿಗೆ ಪೂಜೆ ಸಲ್ಲುತ್ತಿತ್ತು. ಬಿಚ್ಚಿ ಓದುವವರು ವಿರಳ. ಶಾಸ್ತ್ರವನ್ನು ಅಚ್ಚು ಹಾಕಿಸುವುದು ಅವಿನಯವೆಂದು ಭಾವಿಸುವ ಹಿರಿಯರೂ ಸಮಾಜದಲ್ಲಿ ಹಲವರಿದ್ದರು. ಅವರ ಭಾವನೆ ಶ್ರದ್ಧೆಯಿಂದ ಹುಟ್ಟಿದುದು. ಆದರೆ ಗೆದ್ದಲಿಗೆ ಶ್ರದ್ಧೆಯ ಭೇದ ತಿಳಿಯದು.

ರೆವರೆಂಡ್ ಕಿಟ್ಟೆಲ್ ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಮಂಗಳೂರಿನಿಂದ ಪ್ರಕಟಿಸಿ ಈ ಮಾರ್ಗದಲ್ಲಿ ಆಗಲೇ ನಡೆದಿದ್ದರು. ರೈಸ್ ಅವರು ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಆರಂಭಿಸಿ 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣವನ್ನು ಹೊರತಂದರು. 1890ರಲ್ಲಿ ಭಟ್ಟಾಕಳಂಕದೇವರ ಕರ್ಣಾಟಕ ಶಬ್ದಾನುಶಾಸನ ಪ್ರಕಟವಾಯಿತು. 1604ರಲ್ಲಿ ಆ ಜೈನ ಯತಿಗಳು ಸಂಸ್ಕೃತದಲ್ಲಿ 592 ಸೂತ್ರಗಳಿಂದ ರಚಿಸಿದ ಈ ಕನ್ನಡ ವ್ಯಾಕರಣಕ್ಕೆ ರೈಸ್ ಅವರು ಬರೆದ ಪೀಠಿಕೆಯಲ್ಲಿ ಕನ್ನಡದ ಪ್ರಾಚೀನ ಕವಿಗಳ ಪರಂಪರೆಯೂ ನಿರೂಪಿತವಾಯಿತು. ಕನ್ನಡ ಸಾಹಿತ್ಯದ ಆದಿಯಲ್ಲಿ ನಿಂತವರು ಜೈನ ಕವಿಗಳೆಂಬುದು ಇಂಗ್ಲಿಷ್ ಓದುಗರಿಗೆ ಹೀಗೆ ತಿಳಿದುಬಂತು. 1892ರಲ್ಲಿ ಅಭಿನವಪಂಪ ನಾಗಚಂದ್ರನ ಪಂಪರಾಮಾಯಣ, 1898ರಲ್ಲಿ ಆದಿಕವಿ ಪಂಪನ ಪಂಪಭಾರತ ಇದೇ ಮಾಲೆಯಲ್ಲಿ ಅಚ್ಚಾದವು. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಅತಿ ಪ್ರಾಚೀನವಾದ ಕವಿರಾಜಮಾರ್ಗವನ್ನು ಪುಣೆಯ ವಿದ್ವಾಂಸರಾದ ಕೆ. ಬಿ. ಪಾಠಕರು ಸಂಪಾದಿಸಿ 1898ರಲ್ಲಿ ಇದರಲ್ಲಿಯೇ ಪ್ರಕಟಿಸಿದರು. ಪಂಪಭಾರತವು ರಚಿತವಾದದ್ದು 941ರ ಸುಮಾರಿನಲ್ಲಿ. ಅಚ್ಚಿನ ರೂಪದಲ್ಲಿ ಜನಸಾಮಾನ್ಯರ ಕೈಗೆ ಬರಲು ಅದು ಒಂಬತ್ತೂವರೆ ಶತಮಾನ ಕಾಯಬೇಕಾಯಿತು.

ಗುಣದೋಷಗಳು

ಮಹನೀಯರ ಚರಿತ್ರೆಯನ್ನು ಬರೆಯುವಾಗ ಗುಣವನ್ನು ಮಾತ್ರ ಹೇಳಿ ದೋಷವನ್ನು ಮುಚ್ಚಿಡುವುದು ಸಮ್ಯಕ್ ಜ್ಞಾನದ ಮಾರ್ಗವಲ್ಲ. ರೈಸ್ ಅವರ ಗ್ರಂಥಗಳಲ್ಲಿ ತಪ್ಪುಗಳಿವೆ. ಸಾವಿರಾರು ಶಾಸನಗಳನ್ನು ಅಲ್ಪಕಾಲದಲ್ಲಿ ಮುಗಿಸಬೇಕಾದುದರಿಂದ ಕೆಲವೆಡೆ ಪಾಠಗಳು ತಪ್ಪಾದವು, ಕೆಲವೆಡೆ ಸಾಲುಗಳು ಬಿಟ್ಟುಹೋದವು. ಗಂಗರ ಕೆಲವು ತಾಮ್ರಪಟಗಳನ್ನು ಅವರು ನಿಜವೆಂದು ನಂಬಿದ್ದರು. ಫ್ಲೀಟ್ ಮೊದಲಾದವರು ಅವುಗಳಲ್ಲಿ ಹಲವು ಕೃತ್ರಿಮವೆಂದು ತೋರಿಸಿದರು. ಅದರಿಂದ ಗಂಗರ ಆರಂಭಕಾಲದ ಕಾಲಗಣನೆಯು ಮುಂದೆ ತಿದ್ದುಪಡಿಗೆ ಒಳಗಾಗಬೇಕಾಯಿತು.

ಆದರೆ ಅಚ್ಚಾದ ತಪ್ಪನ್ನು ತಿದ್ದಬಹುದು. ಅಚ್ಚಾಗದೆ ಅಳಿದುಹೋದುದನ್ನು ಯಾರೂ ತಿದ್ದಲಾರರು. ರೈಸ್ ಅವರ ಕೈಕೆಳಗೆ 1899ರಲ್ಲಿ ಸಹಾಯಕರಾಗಿ ಸೇರಿದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ಅವರು ಶ್ರವಣಬೆಳಗೊಳದ ಬೆಟ್ಟಗಳನ್ನು ಮತ್ತೊಮ್ಮೆ ಶೋಧಿಸಿ, 1923ರಲ್ಲಿ ಆ ಸಂಪುಟವನ್ನು ಪರಿಷ್ಕರಿಸಿ ಪ್ರಕಟಿಸಿದಾಗ 144 ಇದ್ದ ಶಾಸನಗಳು 500 ಆದವು. ಅದೇ 1923ರಲ್ಲಿ ಶಬ್ದಾನುಶಾಸನವೂ ಅವರ ಪರಿಷ್ಕರಣದಲ್ಲಿ ಮರುಮುದ್ರಣಗೊಂಡಿತು. 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ರೈಸ್ ಅವರು ಹಾಕಿದ ತಳಪಾಯದ ಮೇಲೆಯೇ ಎದ್ದ ಕಟ್ಟಡ. ಪಂಪಭಾರತವನ್ನು ಕನ್ನಡ ಸಾಹಿತ್ಯ ಪರಿಷತ್ತು ಪರಿಷ್ಕರಿಸಿ 1931ರಲ್ಲಿ ಪ್ರಕಟಿಸಿತು.

ಕೊನೆಯ ದಿನಗಳು

1906ರಲ್ಲಿ, ಸುಮಾರು ನಾಲ್ವತ್ತಾರು ವರ್ಷಗಳ ಸೇವೆಯ ತರುವಾಯ, ರೈಸ್ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಹನ್ನೆರಡು ಸಂಪುಟಗಳ ಸಾರವನ್ನೆಲ್ಲ ಒಂದೆಡೆ ಹಿಂಡಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಬರೆದು 1909ರಲ್ಲಿ ಲಂಡನ್ನಿನಿಂದ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ರಂದು ಹ್ಯಾರೋ ಎಂಬಲ್ಲಿ ಅವರು ನಿಧನರಾದರು. ಇನ್ನೊಂದು ವಾರ ಬದುಕಿದ್ದರೆ ತೊಂಬತ್ತು ವರ್ಷಗಳು ತುಂಬುತ್ತಿದ್ದವು. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಕರೆದು ಗೌರವಿಸುತ್ತ ಬಂದಿದ್ದಾರೆ.

ಗ್ರಂಥಗಳ ಜೀರ್ಣೋದ್ಧಾರ

ರೈಸ್ ಅವರು ತೀರಿಕೊಂಡ ಮೇಲೆ ಅವರ ಸಂಪುಟಗಳು ದೊರೆಯುವುದು ದುರ್ಲಭವಾಯಿತು. ಹಳೆಯ ಕಾಗದ ಹಳದಿಯಾಗಿ, ಮುಟ್ಟಿದರೆ ಮುರಿಯುವಂತಾಯಿತು. ದೊಡ್ಡ ಪುಸ್ತಕ ಭಂಡಾರಗಳಲ್ಲಿ ಬಿಟ್ಟರೆ ಬೇರೆಡೆ ಕಾಣಸಿಗದಾದವು. ಅವುಗಳಿಗೆ ಮರುಜನ್ಮ ಬಂದದ್ದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಲ್ಲಿ ಪರಿಷ್ಕೃತ ಮುದ್ರಣವನ್ನು ಆರಂಭಿಸಿದಾಗ. 1973ರಲ್ಲಿ ಹೊರಬಂದ ಶ್ರವಣಬೆಳಗೊಳದ ಹೊಸ ಸಂಪುಟದಲ್ಲಿ 573 ಶಾಸನಗಳಿವೆ. ಚಿಕ್ಕಬೆಟ್ಟದಲ್ಲಿ 271, ದೊಡ್ಡಬೆಟ್ಟದಲ್ಲಿ 172, ಊರಿನಲ್ಲಿ 80, ಸುತ್ತಲಿನ ಹಳ್ಳಿಗಳಲ್ಲಿ 50. ರೈಸ್ ಅವರ 1897ರ ಪರಿಷ್ಕೃತ ಗೆಜೆಟಿಯರನ್ನು ದೆಹಲಿಯ ಪ್ರಕಾಶನ ಸಂಸ್ಥೆಯೊಂದು 2001ರಲ್ಲಿ ಮರುಮುದ್ರಿಸಿತು. 144ರಿಂದ 500, 500ರಿಂದ 573. ಒಬ್ಬರು ನೆಟ್ಟ ಸಸಿಗೆ ಇನ್ನೊಬ್ಬರು ನೀರೆರೆದು, ಮತ್ತೊಬ್ಬರು ಪಾತಿ ಮಾಡಿ ಬೆಳೆಸಿದ ಕಥೆ ಈ ಮೂರು ಸಂಖ್ಯೆಗಳಲ್ಲಿದೆ.

ಜೈನ ಸಮಾಜವೂ ಈ ಮಾರ್ಗದಲ್ಲಿ ಹೆಜ್ಜೆಯಿಟ್ಟಿತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಬಂದಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳ ಪ್ರತಿಲೇಖನವು 1896ರಲ್ಲಿ, ರೈಸ್ ಅವರು ಮೈಸೂರು ಸೀಮೆಯ ಕಲ್ಲುಗಳನ್ನು ಅರಸುತ್ತಿದ್ದ ಕಾಲದಲ್ಲಿಯೇ, ಮೊದಲಾಗಿ 1922ರವರೆಗೆ ನಡೆಯಿತು. ಮುಂದೆ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಟೀಕೆಯು 1939ರಿಂದ ಮೊದಲ್ಗೊಂಡು 16 ಸಂಪುಟಗಳಲ್ಲಿ ಪ್ರಕಟವಾಯಿತು. ಒಂದೇ ಸ್ಥಳದಲ್ಲಿ, ಒಂದೇ ಪೆಟ್ಟಿಗೆಯಲ್ಲಿ ಇದ್ದ ಶ್ರುತನಿಧಿಯು ದೇಶದ ನೂರಾರು ಬಸದಿಗಳ ಸ್ವಾಧ್ಯಾಯ ಮಂಟಪಗಳಿಗೆ ತಲಪಿತು. ಇದರಿಂದ ಶಾಸ್ತ್ರಕ್ಕೆ ಅವಿನಯವಾಗಲಿಲ್ಲ, ಶಾಸ್ತ್ರದ ಆಯುಷ್ಯ ಬೆಳೆಯಿತು.

ಬಸದಿಯ ಗೋಡೆ ಬಿರಿದರೆ ಸಮಾಜವು ಸೇರಿ ಜೀರ್ಣೋದ್ಧಾರ ಮಾಡುತ್ತದೆ, ಪಂಚಕಲ್ಯಾಣ ಪ್ರತಿಷ್ಠೆ ನಡೆಸುತ್ತದೆ. ಗ್ರಂಥಕ್ಕೂ ಜೀರ್ಣಾವಸ್ಥೆ ಉಂಟು. ಅದಕ್ಕೂ ಉದ್ಧಾರ ಬೇಕು. ಗೋಡೆಯ ಬಿರುಕು ಎಲ್ಲರ ಕಣ್ಣಿಗೂ ಕಾಣುತ್ತದೆ. ಅಟ್ಟದ ಮೇಲಿನ ಓಲೆಕಟ್ಟು ಪುಡಿಯಾಗುವ ಸದ್ದು ಯಾರಿಗೂ ಕೇಳದು. ಹಳೆಯ ಮನೆಗಳಲ್ಲಿ, ಹಳ್ಳಿಯ ಬಸದಿಗಳಲ್ಲಿ ಇನ್ನೂ ಓಲೆಪ್ರತಿಗಳು ಉಳಿದಿವೆ. ಹೊಲದ ಬದುವಿನಲ್ಲಿ ನಿಸಿದಿ ಕಲ್ಲುಗಳು ಇನ್ನೂ ಬಿದ್ದಿವೆ. ಪರದೇಶದ ಮೂಲದವರೊಬ್ಬರು ತಮ್ಮದಲ್ಲದ ಮತದ ಚರಿತ್ರೆಗಾಗಿ ಆಯುಷ್ಯದ ಬಹುಭಾಗವನ್ನು ವೆಚ್ಚ ಮಾಡಿದಾಗ, ತನ್ನದೇ ಆದ ಈ ನಿಧಿಯ ವಿಷಯದಲ್ಲಿ ಸಮಾಜವು ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಉಚಿತವಲ್ಲ. ಬುಕ್ಕರಾಯನ ಕಾಲದಲ್ಲಿ ಮನೆಗೊಂದು ಹಣದಂತೆ ಕೂಡಿಸಿ ಜಿನಾಲಯಗಳಿಗೆ ಸುಣ್ಣ ಬಳಿಸಿದ ಸಮಾಜವಿದು. ಅದೇ ಕ್ರಮದಲ್ಲಿ ಪ್ರತಿಯೊಂದು ಪ್ರತಿಷ್ಠಾ ಮಹೋತ್ಸವದ ಲೆಕ್ಕದಲ್ಲಿಯೂ ಒಂದು ಪ್ರಾಚೀನ ಗ್ರಂಥದ ಮರುಮುದ್ರಣಕ್ಕೆ, ಊರಿನ ಒಂದು ಶಾಸನದ ರಕ್ಷಣೆಗೆ ಒಂದು ಪಾಲು ತೆಗೆದಿಡುವ ಪದ್ಧತಿ ಬೆಳೆದುಬಂದರೆ, ಅತ್ತಿಮಬ್ಬೆಯ ಶಾಸ್ತ್ರದಾನವೂ ರೈಸ್ ಅವರ ಪರಿಶ್ರಮವೂ ಸಾರ್ಥಕವಾದಂತೆಯೇ ಸರಿ.

ಜೈನಂ ಜಯತು ಶಾಸನಂ.